ತೆರೆಯ ಬಲತುದಿಯಲ್ಲಿ ನಮ್ಮ ಅತ್ತೆ

ನಮ್ಮ ಮನೆಯ ಟಿವಿ ರಿಮೋಟಿನಲ್ಲಿ ಒಂದು ಗುಂಡಿಯ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಬೇರೆಯವರ ಮನೆಯಲ್ಲಿ ಸವೆಯುವುದು ಸದ್ದಿನ ಗುಂಡಿ, ಇಲ್ಲವೇ ಚಾನೆಲ್ ಬದಲಿಸುವ ಗುಂಡಿ. ನಮ್ಮಲ್ಲಿ ಸವೆದಿರುವುದು ಚಿತ್ರದ ಆಕಾರ ಬದಲಿಸುವ ಗುಂಡಿ. ಅದನ್ನು ಒತ್ತಿದರೆ ತೆರೆಯ ಮೇಲಿನ ಮನುಷ್ಯರು ಒಮ್ಮೆ ದಪ್ಪಗಾಗುತ್ತಾರೆ, ಇನ್ನೊಮ್ಮೆ ತೆಳ್ಳಗಾಗುತ್ತಾರೆ, ಮತ್ತೊಮ್ಮೆ ತಲೆಯನ್ನೇ ಕಳೆದುಕೊಳ್ಳುತ್ತಾರೆ. ಹೆಚ್ಚಿನ ಜನ ಟಿವಿ ತಂದ ದಿನ ಅಂಗಡಿಯವನು ಇಟ್ಟುಹೋದ ಆಕಾರದಲ್ಲೇ ಕಾಲ ಕಳೆಯುತ್ತಾರೆ. ನನಗೆ ಅದು ಆಗದು. ಯಾರಾದರೂ ಏನನ್ನಾದರೂ ಹೀಗೇ ಇರಲಿ ಎಂದು ಇಟ್ಟುಹೋದರೆ, ಯಾಕೆ ಹೀಗೇ ಇಟ್ಟ ಎಂಬುದು ನನ್ನ ಮೊದಲ ಯೋಚನೆ.

ಇದಕ್ಕೆ ನನ್ನ ನೌಕರಿಯೂ ಒಂದಿಷ್ಟು ಕಾರಣ. ಸಂಡೂರಿನ ಗಣಿಯೊಂದರ ಗೇಟಿನಲ್ಲಿ ಅದಿರು ಲಾರಿಗಳ ತೂಕ ನೋಡುವ ಕೆಲಸದಲ್ಲಿ ನಾನು ಕೂದಲು ಬೆಳ್ಳಗೆ ಮಾಡಿಕೊಂಡೆ. ಅದಿರಿನ ಧೂಳಿನಲ್ಲಿ ಅದು ಸದಾ ಕೆಂಪಗಿರುತ್ತಿದ್ದುದರಿಂದ ಬೆಳ್ಳಗಾದದ್ದು ನಿವೃತ್ತನಾದ ಮೇಲೇ ಗೊತ್ತಾಯಿತು. ಲಾರಿ ನಿಂತ ಕೂಡಲೇ ಡ್ರೈವರ್ ಕೈ ಮುಗಿದು ನಕ್ಕರೆ ನಾನು ಇಳಿದುಹೋಗಿ ಅದಿರಿಗೆ ಹೊದಿಸಿದ ತಾಡಪತ್ರಿ ಎತ್ತಿ ನೋಡುತ್ತಿದ್ದೆ. ನಗದಿದ್ದರೂ ಎತ್ತಿ ನೋಡುತ್ತಿದ್ದೆ. ಈ ಚಾಳಿ ಮನೆಗೂ ಬಂತು. ಮದುವೆಯಾದ ಹೊಸದರಲ್ಲಿ ಹೆಂಡತಿ ಶೈಲಾ ಚಹಾಕ್ಕೆ ಸಕ್ಕರೆ ಹಾಕಿದ್ದೀನಿ ಅಂದರೂ ನಾನು ಚಮಚದಿಂದ ತಳ ಕಲಕಿ ನೋಡಿಯೇ ಕುಡಿಯುತ್ತಿದ್ದೆ. “ನಾ ಏನ್ ಲಾರಿ ಏನ್ರೀ?” ಎಂದು ಒಂದು ದಿನ ಕೇಳಿದಳು.

ಆದರೆ ಸಿನಿಮಾ ಪರದೆಯ ಮೇಲಿನ ಗುಮಾನಿ ನೌಕರಿಗಿಂತ ಹಳೆಯದು. ನಾನು ಚಿಕ್ಕವನಿದ್ದಾಗ ಸಂಡೂರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಸಾಧಾರಣ ಸಿನಿಮಾಗಳ ಚಿತ್ರ ಹೆಚ್ಚುಕಡಿಮೆ ಚೌಕಾಕಾರ. ‘ಸ್ಕೋಪ್’ ಸಿನಿಮಾ ಅಂದರೆ ಅಗಲ. ಅಷ್ಟು ಅಗಲದ ಚಿತ್ರವನ್ನು ರೀಲಿನಲ್ಲಿ ಅಡ್ಡಕ್ಕೆ ಹಿಂಡಿ ಇಟ್ಟಿರುತ್ತಾರೆ, ಬೇರೆ ಲೆನ್ಸ್ ಹಾಕಿದರೆ ಅದು ಬಿಚ್ಚಿಕೊಳ್ಳುತ್ತದೆ ಎಂಬುದೆಲ್ಲ ಹುಡುಗರಾದ ನಮಗೆ ಆಗ ಎಲ್ಲಿ ಗೊತ್ತು? ಆಪರೇಟರ್ ಆ ಲೆನ್ಸ್ ಹಾಕಲು ಮರೆತರೆ ನಾಯಕ, ನಾಯಕಿ, ಅವರ ಕುದುರೆ ಎಲ್ಲರೂ ಜೋಳದ ದಂಟಿನ ಹಾಗೆ ಸಣಕಲಾಗಿ ನಿಲ್ಲುತ್ತಿದ್ದರು. “ಲೆನ್ಸ್ ಹಾಕಲೇ!” ಎಂದು ನೆಲದ ಮೇಲೆ ಕೂತ ಮಂದಿ ಕೂಗುತ್ತಿದ್ದರು. ಲೆನ್ಸ್ ಹಾಕಿದ ಮೇಲೆ ಇನ್ನೊಂದು ಪಜೀತಿ. ಚಿತ್ರ ಪರದೆಗಿಂತ ಅಗಲವಾಗಿ, ಎರಡೂ ಬದಿಗೆ ಟೆಂಟಿನ ಬಟ್ಟೆಯ ಮೇಲೆ ಚೆಲ್ಲುತ್ತಿತ್ತು. ಮಂತ್ರಿಯ ಮುಖ ಪರದೆಯ ಮೇಲಿದ್ದರೆ ಅವನ ಕಿವಿ ತೇಪೆಯ ಮೇಲೆ. ನಾನು ಕಥೆ ಬಿಟ್ಟು ಆ ತೇಪೆಯನ್ನೇ ನೋಡುತ್ತ ಕೂರುತ್ತಿದ್ದೆ. ಅಲ್ಲಿ ಇನ್ನೂ ಏನೋ ನಡೆದಿದೆ, ನಮಗೆ ಕಾಣದ ಹಾಗೆ ಮುಗಿಸಿಬಿಡುತ್ತಿದ್ದಾರೆ ಎಂದು ಸಂಶಯ. ಒಮ್ಮೆ ಎದ್ದು ಹೊರಗೆ ಹೋಗಿ ಟೆಂಟಿನ ಆ ಬದಿಯನ್ನು ಸುತ್ತಿ ನೋಡಿಯೂ ಬಂದೆ. ಅಲ್ಲಿ ಒಂದು ಕತ್ತೆ ನಿಂತಿತ್ತು. “ಸಿನಿಮಾ ನೋಡಾಕ ಬಂದೀಯೋ, ಟೆಂಟ್ ನೋಡಾಕ ಬಂದೀಯೋ?” ಎಂದು ಅಪ್ಪ ಕಿವಿ ಹಿಂಡಿ ಕೂರಿಸಿದರು.

ಇಷ್ಟೆಲ್ಲ ಕಂಡವನಿಗೆ ಮುಂದೆ ಟಿವಿಯ ಮೇಲೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಇದ್ದ ಅನುಮಾನವೆಲ್ಲ ನಮ್ಮ ಅತ್ತೆಯ ಮೇಲೆ ಖರ್ಚಾಗಿಹೋಯಿತು.

ಅತ್ತೆ ನೀಲಮ್ಮ ಶೈಲಾಳ ತಾಯಿ. ತವರು ಕಮಲಾಪುರ, ಕೊಟ್ಟದ್ದು ಕಂಪ್ಲಿಯ ಅಕ್ಕಿ ಗಿರಣಿಯ ಮನೆಗೆ. ಮಾವನವರು ತೀರಿಕೊಂಡ ಮೇಲೆ ಹೊಸಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಮಾತು ಕಡಿಮೆ, ಬೇಡಿಕೆ ಇನ್ನೂ ಕಡಿಮೆ. ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದು ಒಂದೇ ಸಂಗತಿ: ಲಗ್ನಕ್ಕೆ ಮೊದಲು ತಾವು ಒಂದು ಸಿನಿಮಾದಲ್ಲಿ ನಿಂತಿದ್ದೆವು ಎಂಬುದು. ಅದೊಂದು ತೆಲುಗು ರಾಜಮಹಾರಾಜರ ಸಿನಿಮಾ. ಹೆಸರು ಹೇಳಲಾರೆ. ಹೇಳಿದರೆ ನೀವೂ ಹುಡುಕಿ ನೋಡಿ ನಮ್ಮ ಅತ್ತೆಯನ್ನು ತೂಕಕ್ಕೆ ಹಾಕುತ್ತೀರಿ. ಆ ಕೆಲಸಕ್ಕೆ ನಾನೊಬ್ಬ ಸಾಕು.

ಅದರ ಶೂಟಿಂಗು ಹಂಪಿಯಲ್ಲಿ ನಡೆದಿತ್ತಂತೆ. ಅತ್ತೆಯ ತವರಿನ ಬಾಳೆತೋಟದಲ್ಲಿ ಕೂಲಿಗೆ ಬರುತ್ತಿದ್ದ ಹುಲಿಗೆಮ್ಮ ಎಂಬ ಹುಡುಗಿ ಅವರ ಜೀವದ ಗೆಳತಿ. ಗೌಡರ ಮಗಳಿಗೂ ಕೂಲಿಯ ಹುಡುಗಿಗೂ ಗೆಳೆತನ ಅಂದರೆ ಮನೆಯಲ್ಲಿ ಯಾರಿಗೂ ಸೇರುತ್ತಿರಲಿಲ್ಲ. ಹಾಗಾಗಿ ಅದು ತೋಟದೊಳಗಷ್ಟೇ ಇತ್ತು. ಒಂದು ಬೆಳಿಗ್ಗೆ ಹುಲಿಗೆಮ್ಮ ಓಡುತ್ತ ಬಂದು, “ನೀಲವ್ವಾ, ಸಿನಿಮಾದೋರು ಹುಡುಗ್ಯಾರನ್ನ ಕರದಾರ, ಉಡಾಕ ರೇಷ್ಮಿ ಸೀರಿ ಕೊಡ್ತಾರಂತ,” ಅಂದಳಂತೆ. ತೋಟಕ್ಕೆ ಹೋಗುತ್ತೇವೆ ಎಂದು ಮನೆಯಲ್ಲಿ ಹೇಳಿ ಇಬ್ಬರೂ ಹಂಪಿಗೆ ನಡೆದರು. ಆನೆಸಾಲು ಎಂದು ಕರೆಯುವ ಹಳೆಯ ಗಜಶಾಲೆಯ ಮುಂದೆ, ಹೂವಿನ ತಟ್ಟೆ ಹಿಡಿದು, ರಾಣಿ ಬರುವ ದಾರಿಯ ಪಕ್ಕದಲ್ಲಿ ಬಿಸಿಲಿಗೆ ನಿಂತರು. ಸಂಜೆ ಮುಖ ಕೆಂಪಗೆ ಸುಟ್ಟುಕೊಂಡು ಮನೆ ಸೇರಿದರು.

ಆಮೇಲೆ ಅತ್ತೆಯ ಮದುವೆಯಾಯಿತು. ಸಿನಿಮಾ ಹೊಸಪೇಟೆಗೆ ಬರುವ ಹೊತ್ತಿಗೆ ಅವರು ಕಂಪ್ಲಿಯಲ್ಲಿ ಹೊಸ ಸೊಸೆ. ಸಿನಿಮಾದ ಹೆಸರೆತ್ತುವ ಹಾಗಿರಲಿಲ್ಲ. ಹುಲಿಗೆಮ್ಮ ಒಬ್ಬಳೇ ಥಿಯೇಟರಿಗೆ ಹೋಗಿ ನೋಡಿ, ತವರಿನಿಂದ ಬಾಳೆಗೊನೆ ತಂದಿದ್ದೀನಿ ಎಂಬ ನೆಪ ಮಾಡಿ ಬಸ್ಸಿನಲ್ಲಿ ಕಂಪ್ಲಿಗೆ ಬಂದಳು. ಹಿತ್ತಲಲ್ಲಿ, ಯಾರೂ ಇಲ್ಲದಾಗ, ಕಿವಿಯಲ್ಲಿ ಹೇಳಿದಳು: “ನೀ ಅದೀ ನೀಲವ್ವಾ. ಪರದೆ ಬಲಗಡಿ ತುದ್ಯಾಗ. ಭಾಳ ಚಂದ ಕಾಣ್ತಿ.”

ಇಷ್ಟೇ ಸಾಕ್ಷಿ. ಅತ್ತೆ ತಮ್ಮನ್ನು ತಾವು ಒಮ್ಮೆಯೂ ನೋಡಿಲ್ಲ. ಆ ವಯಸ್ಸಿನ ಒಂದು ಫೋಟೋ ಕೂಡ ಅವರದು ಇಲ್ಲ. ಹುಲಿಗೆಮ್ಮ ಹೇಳಿದಳು, ಇವರು ನಂಬಿದರು. ತಾಡಪತ್ರಿ ಎತ್ತಿ ನೋಡದೆ ಒಂದು ಲಾರಿಯನ್ನೂ ಬಿಟ್ಟವನಲ್ಲ ನಾನು. ಇದನ್ನು ಹೇಗೆ ಬಿಡಲಿ?

ನಮ್ಮ ಮನೆಯ ಹಳೆಯ ಡಬ್ಬಿ ಟಿವಿಯಲ್ಲಿ ಆ ಸಿನಿಮಾ ಆಗಾಗ ಬರುತ್ತಿತ್ತು. ಬಂದಾಗಲೆಲ್ಲ ಅತ್ತೆ ಕೆಲಸ ಬಿಟ್ಟು ಬಂದು, ಸೆರಗು ಸರಿ ಮಾಡಿಕೊಂಡು, ತಾವೇ ಅತಿಥಿಯ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಆನೆಸಾಲು ಬರುತ್ತಿತ್ತು, ರಾಣಿ ಬರುತ್ತಿದ್ದಳು, ಹೂವಿನ ತಟ್ಟೆಯ ಹೆಣ್ಣುಮಕ್ಕಳು ಒಂದಿಬ್ಬರು ಕಾಣುತ್ತಿದ್ದರು. ಅತ್ತೆ ಇರುತ್ತಿರಲಿಲ್ಲ. “ಈಗ ಬರ್ತತಿ ತಡೀರಿ,” ಅನ್ನುತ್ತಿದ್ದರು. ಬರುತ್ತಿದ್ದದ್ದು ಜಾಹೀರಾತು. ನಾನು ಒಮ್ಮೆ ತಮಾಷೆಗೆ ಅಂದೆ: “ಅತ್ತಿ, ನಿಮ್ಮ ಗೆಳತಿ ನಿಮ್ಮನ್ನ ಖುಷಿ ಮಾಡಾಕ ಹೇಳಿರಬೇಕ್ರಿ.” ಇನ್ನೊಮ್ಮೆ ಅಂದೆ. ಮೂರನೆಯ ಸಲ ಅನ್ನುವಾಗ ಅದು ತಮಾಷೆಯಾಗಿ ಉಳಿದಿರಲಿಲ್ಲ. ಅತ್ತೆ ನಗುತ್ತಿದ್ದರು ಅಷ್ಟೇ.

ಹಳೆಯ ಟಿವಿ ಕೈಕೊಟ್ಟಾಗ ನಾವೂ ಅಗಲದ ಟಿವಿ ತರಲು ಹೋದೆವು. ನಲವತ್ಮೂರು ಇಂಚು ಅಂದರು ಅಂಗಡಿಯವರು. ನಾನು ಜೇಬಿನಿಂದ ಟೇಪು ತೆಗೆದು ತೆರೆಯ ಅಗಲ ಅಳೆದೆ. ಸಾಕಷ್ಟು ಕಡಿಮೆ ಬಂತು. ಎತ್ತರ ಅಳೆದೆ, ಅದು ಅರ್ಧವೂ ಇಲ್ಲ.

“ಸರ, ಓರೆಗೆ ಅಳೀಬೇಕ್ರಿ. ಈ ಮೂಲಿಯಿಂದ ಆ ಮೂಲಿಗೆ.”

“ಬಟ್ಟಿ ಅಂಗಡ್ಯಾಗ ಯಾರರ ಓರೆಗೆ ಅಳದು ಕೊಡ್ತಾರೇನ್ರಿ?”

ಶೈಲಾ ಫ್ರಿಜ್ಜುಗಳ ಸಾಲಿನ ಕಡೆಗೆ ಹೋಗಿ ನನಗೂ ತನಗೂ ಸಂಬಂಧವಿಲ್ಲದ ಹಾಗೆ ನಿಂತಳು. ಕೊನೆಗೆ ಓರೆಯಾಗಿ ಅಳೆದು ಲೆಕ್ಕ ಸರಿ ಬಂದ ಮೇಲೆಯೇ ತಂದೆವು. ಆದರೂ ಲೋಕದಲ್ಲಿ ಇದೊಂದನ್ನೇ ಯಾಕೆ ಓರೆಗೆ ಅಳೆಯುತ್ತಾರೆ ಎಂಬ ಸಂಶಯ ನನಗಿನ್ನೂ ಹೋಗಿಲ್ಲ.

ಮೊದಲು ಹಾಕಿ ನೋಡಿದ್ದು ನಮ್ಮ ಮದುವೆಯ ವಿಡಿಯೋ. ಅದು ಹಳೆಯ ಚೌಕದ ಚಿತ್ರ. ಹೊಸ ಟಿವಿ ಅದನ್ನು ಎರಡೂ ಕಡೆ ಹಿಡಿದು ಜಗ್ಗಿ ತೆರೆಯ ತುಂಬ ಮಾಡಿತ್ತು. ಆಗ ನಾನು ಅಂಗಿ ಹಾಕಿದ ಹ್ಯಾಂಗರಿನ ಹಾಗೆ ಇದ್ದವನು. ತೆರೆಯ ಮೇಲೆ ಮಣೆ ತುಂಬ ಕೂತಿದ್ದೆ. ಅತ್ತೆ ದಿಟ್ಟಿಸಿ ನೋಡಿ, “ಅಳಿಯಾರ, ಲಗ್ನದಾಗ ನೀವು ಇಷ್ಟು ದಪ್ಪ ಇದ್ದಿಲ್ಲಲ್ರಿ. ನನಗ ಚಲೋ ನೆನಪೈತಿ, ಹುಡುಗ ಏನರ ಉಣ್ತಾನೋ ಇಲ್ಲೋ ಅಂತ ಅತ್ತಿದ್ದೆ,” ಅಂದರು.

ಮರುದಿನ ಸ್ಕೋಪ್ ಸಿನಿಮಾ ಹಾಕಿದರೆ ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ. ಮಧ್ಯದಲ್ಲಿ ಚಿತ್ರ ಕಿಟಕಿಯ ಸಂದಿಯ ಹಾಗೆ. ಅಷ್ಟು ದೊಡ್ಡ ಟಿವಿ ತಂದು ನಾಲ್ಕರಲ್ಲಿ ಒಂದು ಪಾಲು ಕತ್ತಲೆ ನೋಡುವುದೇ? ಪಟ್ಟಿಯ ಹಿಂದೆ ಏನೋ ಮುಚ್ಚಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಂಗಡಿಗೆ ಫೋನ್ ಮಾಡಿ ಜಗಳ ತೆಗೆದೆ. ಅವರ ಮೆಕ್ಯಾನಿಕ್ ಬಂದು ರಿಮೋಟಿನಲ್ಲಿ ಏನೋ ಒತ್ತಿದ. ಪಟ್ಟಿ ಮಾಯವಾಗಿ ಚಿತ್ರ ತೆರೆಯ ತುಂಬ ಹರಡಿಕೊಂಡಿತು. “ಈಗ ಫುಲ್ ಆತು ನೋಡ್ರಿ ಸರ,” ಅಂದ. ನನಗೆ ಗೆದ್ದ ಸಂತೋಷ. ಮೇಲಿನ ಕೆಳಗಿನ ಪಟ್ಟಿ ಹೋಯಿತಲ್ಲ, ಅದರ ಬದಲು ಏನು ಹೋಯಿತು ಎಂದು ನಾನು ಕೇಳಲಿಲ್ಲ. ಜೀವನದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಕಡಿಮೆ. ಬಿಟ್ಟವೆಲ್ಲ ಹೀಗೆ ಮುಖ್ಯವಾದವು.

ಒಂದು ಭಾನುವಾರ ಚಾನೆಲಿನಲ್ಲಿ ಆ ಸಿನಿಮಾ ಮತ್ತೆ ಬಂತು. ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು.

“ಅತ್ತಿ, ನಿಮ್ಮ ಸಿನಿಮಾ ಬಂತು ಬರ್ರಿ.”

“ನೀವ ನೋಡ್ರಿ ಅಳಿಯಾರ.”

“ಹೊಸ ಟಿವಿ ಅತ್ತಿ, ದೊಡ್ಡದಾಗಿ ಕಾಣ್ತತಿ.”

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. “ಬ್ಯಾಡ್ರಿ. ನೀವು ಹೇಳಿದ್ದ ಖರೆ ಇರಬೇಕು. ಹುಲಿಗಿ ನನ್ನ ಸಮಾಧಾನಕ್ಕ ಹೇಳ್ಯಾಳ. ಅಷ್ಟು ದೂರ ಬಸ್ ಹತ್ತಿ ಬಂದು ಸುಳ್ಳು ಹೇಳಿ ಹೋಗ್ಯಾಳ, ಪಾಪ.”

ನಾನು ಟಿವಿಯ ಮುಂದೆ ಬಂದು ಕೂತೆ. ಸಿನಿಮಾ ನಡೆಯುತ್ತಿತ್ತು, ನನಗೆ ಏನೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಅವರನ್ನು ಒಪ್ಪಿಸಲು ನೋಡಿದವನು ನಾನೇ. ಈಗ ಒಪ್ಪಿಕೊಂಡಿದ್ದರು. ಒಂದು ಬಾಳೆಗೊನೆಯ ಜೊತೆಗೆ ಬಂದ ಮಾತನ್ನು ಅವರು ಅಷ್ಟು ಕಾಲ ಜೋಪಾನ ಮಾಡಿದ್ದರು, ಅದನ್ನು ನನ್ನ ಸಂಶಯ ಹುಳುವಿನ ಹಾಗೆ ತಿಂದುಹಾಕಿತ್ತು. ಶೈಲಾ ಬಾಗಿಲಲ್ಲಿ ನಿಂತು, “ಆತಲ್ಲ ನಿಮಗ ಸಮಾಧಾನ?” ಅಂದು ಒಳಗೆ ಹೋದಳು.

ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಟಿವಿಯಲ್ಲೇ ಇಂಟರ್ನೆಟ್ ಹಚ್ಚಿ ಆ ಸಿನಿಮಾ ಹುಡುಕಿದೆ. ಯಾರೋ ಪುಣ್ಯಾತ್ಮರು ಹಾಕಿದ್ದರು. ಸದ್ದು ತಗ್ಗಿಸಿ ನೋಡುತ್ತ ಕೂತೆ. ಒಂದು ಕಡೆ ರಾಜ ಸಿಂಹಾಸನದ ಮೇಲೆ ಕೂತು ಬದಿಗೆ ತಿರುಗಿ ಯಾರಿಗೋ ಬಾಳೆಹಣ್ಣು ಕೊಡುತ್ತಾನೆ. ಯಾರಿಗೆ ಅಂತ ಕಾಣುವುದಿಲ್ಲ. ತೆರೆಯ ಅಂಚಿನಿಂದ ಒಂದು ಸೊಂಡಿಲ ತುದಿ ಬಂದು ಹಣ್ಣು ತೆಗೆದುಕೊಂಡು ಹೋಗುತ್ತದೆ. ಸೊಂಡಿಲು ಇದೆ ಅಂದ ಮೇಲೆ ಆನೆ ಎಲ್ಲಿ?

ಗೇಟಿನಲ್ಲಿ ಕೂತ ದಿನಗಳ ಚುರುಕು ಮೈಗೆ ಬಂತು. ರಿಮೋಟಿನಲ್ಲಿ ಆ ಮೆಕ್ಯಾನಿಕ್ ಒತ್ತಿದ ಗುಂಡಿ ಹುಡುಕಿ ಒತ್ತಿದೆ. ರಾಜ ಉದ್ದವಾದ. ಮತ್ತೆ ಒತ್ತಿದೆ. ದಪ್ಪಗಾದ. ಇನ್ನೊಮ್ಮೆ ಒತ್ತಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬಂದವು, ರಾಜ ಸಣ್ಣವನಾದ, ಬದಿಯಲ್ಲಿ ಇಡೀ ಆನೆ ಬಂದು ನಿಂತಿತು. ಅಂಬಾರಿ, ಮಾವುತ, ಆನೆಯ ಆಚೆಗೆ ಚಾಮರದವನು ಸಹಿತ.

ನಾನು ದಂಗಾದೆ. ನಾನು ಜಗಳ ಮಾಡಿ ಓಡಿಸಿದ ಆ ಪಟ್ಟಿಗಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವು ಇದ್ದಾಗಲೇ ಚಿತ್ರ ಪೂರ್ತಿ ಇರುತ್ತಿತ್ತು. ತೆರೆ ತುಂಬಲಿ ಎಂದು ಚಿತ್ರ ಹಿಗ್ಗಿಸಿದಾಗ ಎರಡು ಬದಿಗಳು ಚೌಕಟ್ಟಿನ ಆಚೆ ಹೋಗುತ್ತಿದ್ದವು. ಹಳೆಯ ಡಬ್ಬಿಯಲ್ಲಂತೂ ಅರ್ಧ ಚಿತ್ರವೇ ಹೋಗಿರಬೇಕು. ಒಂದು ಆನೆಯನ್ನೇ ನುಂಗಿದವರಿಗೆ ಒಬ್ಬ ಅತ್ತೆ ಯಾವ ಲೆಕ್ಕ?

ನಾನು ಒಬ್ಬನೇ ಮುಂದಕ್ಕೆ ಓಡಿಸಿ ನೋಡಬಹುದಿತ್ತು. ಕೈ ಬರಲಿಲ್ಲ. ಅಲ್ಲಿಯೂ ಇಲ್ಲದಿದ್ದರೆ ಆ ಸಂಗತಿ ನನಗೊಬ್ಬನಿಗೇ ಗೊತ್ತಿರುವುದು ಬೇಡವಾಗಿತ್ತು. ಅತ್ತೆ ಏಳುವವರೆಗೆ ಕಾದು, ಶೈಲಾಳನ್ನು ಕರೆದು, ಮೊದಲು ಆನೆ ತೋರಿಸಿದೆ. ಗುಂಡಿ ಒತ್ತಿ ಮರೆ ಮಾಡಿದೆ, ಒತ್ತಿ ತಂದೆ.

“ಇದರಾಗೂ ಏನರ ಮೋಸ ಐತೇನ್ರಿ?” ಅಂದರು ಅತ್ತೆ. ಅವರ ಬಾಯಲ್ಲಿ ನನ್ನ ಮಾತು ಕೇಳಿ ನನಗೆ ಕಸಿವಿಸಿಯಾಯಿತು.

ಆನೆಸಾಲು ಬಂತು. ರಾಣಿ ಬಂದಳು. ಬಲತುದಿಯಲ್ಲಿ, ಹಿಂದೆಂದೂ ನಾವು ನೋಡದ ಜಾಗದಲ್ಲಿ, ಇಬ್ಬರು ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು. ಚಿತ್ರ ನಿಲ್ಲಿಸಿದೆ.

“ಅಯ್ಯ, ಹುಲಿಗಿ!” ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. “ಹುಲಿಗಿ ನೋಡು ಶೈಲಾ! ಅದ ಮೂಗುತಿ, ಅದ ಗದ್ದ. ಎಷ್ಟು ಚಂದ ಅದಾಳ!”

“ಅವ್ವ, ಬಾಜೂಕ ಯಾರು?” ಅಂದಳು ಶೈಲಾ.

“ಯಾರೋ ಗೊತ್ತಿಲ್ಲ. ಯಾವುದೋ ಬಡಕಲ ಹುಡುಗಿ.”

“ಅವ್ವ, ಅದು ನೀನು.”

“ನಾನಲ್ಲ. ನಾ ಇಷ್ಟು ತೆಳ್ಳಗ ಎಲ್ಲಿದ್ದೆ? ಅಳಿಯಾರು ಗುಂಡಿ ಒತ್ತಿ ಸಣ್ಣ ಮಾಡ್ಯಾರ.”

ನಾನು ದೇವರಾಣೆ ಒತ್ತಿಲ್ಲ ಅಂದೆ. ಅವರು ನಂಬಲಿಲ್ಲ. ಇಷ್ಟು ದಿನ ಅವರು ಇದ್ದೆ ಅನ್ನುತ್ತಿದ್ದರು, ನಾನು ಇಲ್ಲ ಅನ್ನುತ್ತಿದ್ದೆ. ಈಗ ನಾನು ನೀವೇ ಅನ್ನುತ್ತೇನೆ, ಅವರು ಅಲ್ಲ ಅನ್ನುತ್ತಾರೆ. ಶೈಲಾ ತನ್ನ ಮೂಗು ತೋರಿಸಿ, ತೆರೆಯ ಮೇಲಿನ ಮೂಗು ತೋರಿಸಿ ವಾದ ಮಾಡಿದಳು. ಪ್ರಯೋಜನವಾಗಲಿಲ್ಲ. ಕೊನೆಗೆ ಚಿತ್ರ ಮುಂದಕ್ಕೆ ಬಿಟ್ಟೆ. ರಾಣಿ ಹತ್ತಿರ ಬಂದಂತೆ ಆ ಬಡಕಲ ಹುಡುಗಿಯ ತಟ್ಟೆ ಒಂದು ಕಡೆಗೆ ವಾಲಿತು. ಪಕ್ಕದ ಹುಲಿಗೆಮ್ಮ ಕಣ್ಣು ರಾಣಿಯ ಮೇಲಿಂದ ತೆಗೆಯದೆಯೇ ಒಂದು ಕೈ ಚಾಚಿ ಆ ತಟ್ಟೆಯ ಅಡಿಗೆ ಆನಿಸಿದಳು.

ಅತ್ತೆ ಬಲಗೈಯನ್ನು ತಟ್ಟೆ ಹಿಡಿದ ಹಾಗೆ ಎತ್ತಿ ನೋಡಿಕೊಂಡರು.

“ಹಿತ್ತಾಳಿ ತಟ್ಟಿ ಅದು. ಭಾಳ ವಜ್ಜಿ ಇತ್ತು. ನನ್ನ ಕೈ ಸೋತಿತ್ತು,” ಅಂದರು. “ಹುಲಿಗಿ ಹಿಡದ್ಲು. ಹೌದು, ಹುಲಿಗೀನ ಹಿಡದ್ಲು.” ಆಮೇಲೆ ನೆಲಕ್ಕೆ ಕೂತು ಅಳತೊಡಗಿದರು. “ಅಕಿ ಮ್ಯಾಲ ಸಂಶಯ ಪಟ್ನಲ್ಲ ನಾನು.”

ಹುಲಿಗೆಮ್ಮನನ್ನು ಕೊಟ್ಟದ್ದು ಗಾದಿಗನೂರಿಗೆ ಎಂದು ಅತ್ತೆಗೆ ಗೊತ್ತಿತ್ತು. ಕಮಲಾಪುರದಲ್ಲಿರುವ ಅತ್ತೆಯ ತಮ್ಮನಿಗೆ ಫೋನ್ ಮಾಡಿ, ಆಕೆ ಇನ್ನೂ ಗಾದಿಗನೂರಿನಲ್ಲೇ ಇದ್ದಾರೆ, ಆರಾಮಾಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡೆ. ಮರುದಿನ ಬೆಳಿಗ್ಗೆ ಅತ್ತೆಯೂ ನಾನೂ ಬಸ್ಸು ಹತ್ತಿದೆವು. ಆ ದೃಶ್ಯವನ್ನು ಫೋನಿನಲ್ಲಿ ಇಳಿಸಿಕೊಂಡಿದ್ದೆ. ದಾರಿಯುದ್ದಕ್ಕೂ ನನ್ನ ಹಾಳು ಬುದ್ಧಿ ಸುಮ್ಮನಿರಲಿಲ್ಲ. ಆಕೆಗೆ ಎಲ್ಲ ಮರೆತುಹೋಗಿದ್ದರೆ? ಯಾವ ಸಿನಿಮಾ, ಯಾವ ನೀಲವ್ವ ಅಂದರೆ? ಅತ್ತೆ ಮಾತ್ರ ಕಿಟಕಿಯ ಕಡೆ ಮುಖ ಮಾಡಿ, ಬಾಳೆಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಹುಲಿಗೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಗಟ್ಟಿಮುಟ್ಟಾದ ಮುದುಕಿ. ಗಣಿಗಳಲ್ಲಿ ಅದಿರು ಒಡೆದು ತುಂಬಿದ ಕೈಗಳ ಉಗುರುಗಳು ಮೊಂಡಾಗಿದ್ದವು. ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದರು.

“ಯಾರವಾ?”

“ನಾನ, ಹುಲಿಗಿ,” ಅಂದರು ಅತ್ತೆ.

ಹುಲಿಗೆಮ್ಮ, “ಬಾ ನೀಲವ್ವಾ, ನೆಳ್ಳಾಗ ಬಾ,” ಎಂದು ನಿನ್ನೆ ಬಿಟ್ಟುಹೋದವರನ್ನು ಕರೆದ ಹಾಗೆ ಕರೆದರು. ಅತ್ತೆ ನನ್ನ ಪರಿಚಯ ಹೇಳಿದ ಮೇಲೆ ನನಗೆ, “ಕುಂದ್ರಿ ಅಳಿಯಾರ,” ಅಂದರು. ಅತ್ತೆ ಅವರ ಕೈ ಹಿಡಿದುಕೊಂಡು ಕೂತರು.

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. “ಅಮ್ಮಾರ, ಹಂಪ್ಯಾಗ ಶೂಟಿಂಗಿಗೆ ಹೋಗಿದ್ದು ನೆನಪೈತೇನ್ರಿ?”

“ನೆನಪಿಲ್ದ ಏನ್ರಿ? ಥೇಟರಿನ್ಯಾಗ ನೋಡೀನಿ ನಾನು. ಬಲಗಡಿ ತುದ್ಯಾಗ ಇದ್ಲು ಈಕಿ.” ಕಂಪ್ಲಿಯ ಹಿತ್ತಲಲ್ಲಿ ಹೇಳಿದ ಮಾತಿಗೂ ಇದಕ್ಕೂ ಒಂದು ಗುಂಜಿಯ ವ್ಯತ್ಯಾಸವಿರಲಿಲ್ಲ.

“ಟಿವ್ಯಾಗ ಕಾಣ್ಲಿಲ್ಲ ಹುಲಿಗಿ. ಎಷ್ಟು ಸಲ ನೋಡಿದ್ರೂ ಕಾಣ್ಲಿಲ್ಲ,” ಅಂದರು ಅತ್ತೆ ತಲೆ ತಗ್ಗಿಸಿ. “ನೀ ಸುಳ್ಳು ಹೇಳೀ ಅಂತ ತಿಳ್ಕೊಂಡೆ.”

ಹುಲಿಗೆಮ್ಮನಿಗೆ ಸಿಟ್ಟು ಬರಲಿಲ್ಲ. ಬರೀ ಆಶ್ಚರ್ಯವಾಯಿತು. “ಟಿವ್ಯಾಗ ಕಾಣ್ಲಿಲ್ಲಂದ್ರ ಏನಾತು? ನಾ ಹೇಳಿದ್ನಲ್ಲ?”

ನಾನು ಫೋನು ತೆಗೆದು, “ಈಗ ಸಿಕ್ಕೈತ್ರಿ, ನೋಡ್ರಿ,” ಎಂದು ಚಾಚಿದೆ. ಅವರು ಕೈಯಲ್ಲಾಡಿಸಿದರು. “ನನಗ ಬ್ಯಾಡ್ರಿ. ಅಷ್ಟಗಲ ಪರದಿ ಮ್ಯಾಲ ನೋಡಿದಾಕಿ ನಾನು. ಇಷ್ಟು ಸಣ್ಣದ್ರಾಗ ಏನ್ ನೋಡ್ಲಿ?” ಮತ್ತೆ ಶೇಂಗಾ ಸುಲಿಯತೊಡಗಿದರು.

“ನೋಡಬಾ ಹುಲಿಗಿ,” ಅಂದರು ಅತ್ತೆ. “ನನ್ನ ತಟ್ಟಿ ಹಿಡಕೊಂಡು ನಿಂತೀ. ಎಷ್ಟು ಚಂದ ಕಾಣ್ತಿ ಅಂತೀ!”

ಸುಲಿಯುತ್ತಿದ್ದ ಕೈ ನಿಂತಿತು.

“ನಾನಾ?” ಹುಲಿಗೆಮ್ಮ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. “ನಾನೂ ಅದೀನೇನ್ರಿ ಅದರಾಗ?”

“ಅವತ್ತು ಥೇಟರಿನ್ಯಾಗ ನೋಡ್ಲಿಲ್ಲೇನ್ರಿ?” ಅಂದೆ.

“ಇಲ್ರಿ. ನಾ ನೀಲವ್ವನ್ನ ನೋಡಾಕ ಹತ್ತಿದ್ದೆ. ಅಷ್ಟರಾಗ ಹೋಗಿಬಿಡ್ತು.”

ಫೋನನ್ನು ಅಡ್ಡಕ್ಕೆ ತಿರುಗಿಸಿ, ಬಿಸಿಲು ಬೀಳದಂತೆ ನನ್ನ ಟವೆಲ್ಲನ್ನು ಮರೆ ಹಿಡಿದೆ. ಹುಲಿಗೆಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಕೊಡಿ ಎಂದು ಚಾಚಿದರು.